ಕಲ್ಲಿದ್ದಲ ಧೂಳು, ಸುಣ್ಣಕಲ್ಲಿನ ಪುಡಿ

ಕಲ್ಲಿದ್ದಲು ಎಂದೊಡನೆ ನಮ್ಮಲ್ಲಿ ಬಹಳ ಮಂದಿಗೆ ನೆನಪಾಗುವುದು ಹಳೆಯ ಮೀಟರ್‌ಗೇಜ್ ರೈಲು, ಕಿಟಕಿಯ ಪಕ್ಕ ಕುಳಿತವರ ಕಣ್ಣಿಗೆ ಬೀಳುತ್ತಿದ್ದ ಕರಿ ಚೂರು. ಅದಕ್ಕಿಂತ ಹೆಚ್ಚಿನ ಪರಿಚಯ ನಮಗೆ ಇರಲಿಲ್ಲ. ನಮ್ಮ ಕರ್ನಾಟಕದಲ್ಲಿ ಕಲ್ಲಿದ್ದಲ ಗಣಿಗಳಿಲ್ಲ. ಕೋಲಾರದಲ್ಲಿ ಅಗೆದದ್ದು ಚಿನ್ನ. ರಾಯಚೂರಿನ ವಿದ್ಯುತ್ ಕೇಂದ್ರಕ್ಕೆ ಸಹ ಕಲ್ಲಿದ್ದಲು ಬರುವುದು ಸಿಂಗರೇಣಿಯಂಥ ಹೊರರಾಜ್ಯದ ಗಣಿಗಳಿಂದ. ಆದರೆ ಪಿಟ್ಸ್‌ಬರ್ಗ್ ಸೀಮೆಗೆ ಬಂದು ನೆಲೆಸಿದ ಮೇಲೆ ಕಲ್ಲಿದ್ದಲು ನಮ್ಮ ಮನೆಯ ಅಡಿಗೇ ಬಂತು. ಇಲ್ಲಿ ಮನೆ ಕೊಂಡವರಿಗೆಲ್ಲ ಇದು ಗೊತ್ತು: ಕೆಳಗಿನ ಹಳೆಯ ಗಣಿ ಕುಸಿದರೆ ಎಂದು ಅದಕ್ಕೂ ಒಂದು ವಿಮೆ ಇದೆ.

ನಮ್ಮಲ್ಲಿ ವೈದ್ಯ ವೃತ್ತಿಯವರಿಗೆ ಕಲ್ಲಿದ್ದಲ ಧೂಳು ಎಂದರೆ ಶ್ವಾಸಕೋಶದ ಕಾಯಿಲೆ. ಪಶ್ಚಿಮ ಪೆನ್ಸಿಲ್ವೇನಿಯ, ವೆಸ್ಟ್ ವರ್ಜೀನಿಯಗಳಲ್ಲಿ ಕೆಲಸ ಮಾಡಿದ ಯಾವ ವೈದ್ಯರೂ ‘ಬ್ಲ್ಯಾಕ್ ಲಂಗ್’ ಎಂಬ ಕಾಯಿಲೆಯ ಎಕ್ಸ್‌ರೇಯನ್ನು ನೋಡದೆ ಇರುವುದಿಲ್ಲ. ಅದು ನಿಧಾನವಾಗಿ, ಇಪ್ಪತ್ತು ಮೂವತ್ತು ವರ್ಷಗಳಲ್ಲಿ ಕೊಲ್ಲುವ ಧೂಳು. ಅದೇ ಧೂಳು ಒಂದೆರಡು ನಿಮಿಷಗಳಲ್ಲಿ ನೂರಾರು ಜನರನ್ನು ಕೊಲ್ಲಬಲ್ಲದು ಎಂಬುದು ಮಾತ್ರ ನಮ್ಮವರಲ್ಲಿ ಅನೇಕರಿಗೆ ತಿಳಿಯದ ಸಂಗತಿ. ಇದನ್ನು ಜಗತ್ತು ನಂಬುವುದಕ್ಕೆ ಅರವತ್ತು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು. ನಂಬಿಸಿದ ಸ್ಥಳಗಳಲ್ಲಿ ಒಂದು ನಮ್ಮ ಊರಿನ ದಕ್ಷಿಣಕ್ಕೇ ಇದೆ. ಆ ಕಥೆಯನ್ನು ನಮ್ಮ ಸದಸ್ಯ ಬಂಧುಗಳ ಮುಂದೆ ಇಡುವುದೇ ಈ ಲೇಖನದ ಉದ್ದೇಶ.

ಧೂಳು ಸಿಡಿಯುವುದು ಹೇಗೆ?

ಕರಾವಳಿಯ ಯಕ್ಷಗಾನ ನೋಡಿದವರಿಗೆ ಇದನ್ನು ವಿವರಿಸುವುದು ಸುಲಭ. ರಕ್ಕಸನ ಪಾತ್ರ ಪ್ರವೇಶಿಸುವಾಗ ಉರಿಯುವ ಪಂಜಿನ ಮೇಲೆ ರಾಳದ ಪುಡಿಯನ್ನು ಎರಚುತ್ತಾರೆ. ಭಗ್ಗೆಂದು ದೊಡ್ಡ ಬೆಂಕಿ ಏಳುತ್ತದೆ. ಅದೇ ರಾಳದ ಒಂದು ಗಟ್ಟಿಯನ್ನು ಬೆಂಕಿಗೆ ಹಾಕಿದರೆ ಸುಮ್ಮನೆ ಹೊಗೆಯಾಡುತ್ತ ಉರಿಯುತ್ತದೆ, ಅಷ್ಟೆ. ವಸ್ತು ಒಂದೇ. ಆದರೆ ಪುಡಿಯಾಗಿ ಗಾಳಿಯಲ್ಲಿ ಹರಡಿದಾಗ ಪ್ರತಿಯೊಂದು ಕಣಕ್ಕೂ ಸುತ್ತ ಗಾಳಿ ಸಿಕ್ಕಿ ಎಲ್ಲವೂ ಒಟ್ಟಿಗೆ ಉರಿಯುತ್ತವೆ.

ಕಲ್ಲಿದ್ದಲ ಧೂಳೂ ಹೀಗೆಯೇ. ಬಯಲಿನಲ್ಲಿ ಆದರೆ ಬೆಂಕಿ ಎದ್ದು ಆರಿಹೋಗುತ್ತದೆ. ಗಣಿಯ ಸುರಂಗದಲ್ಲಿ ಬಿಸಿಯಾಗಿ ಹಿಗ್ಗಿದ ಗಾಳಿಗೆ ಹೋಗಲು ಜಾಗವಿಲ್ಲ. ಅದು ಸುರಂಗದ ಉದ್ದಕ್ಕೂ ನುಗ್ಗುತ್ತದೆ. ನುಗ್ಗುವಾಗ ನೆಲ, ಗೋಡೆ, ಛಾವಣಿಗಳ ಮೇಲೆ ಕೂತಿದ್ದ ಧೂಳನ್ನು ಎಬ್ಬಿಸುತ್ತದೆ. ಹಿಂದಿನಿಂದ ಬರುವ ಜ್ವಾಲೆಗೆ ಆ ಧೂಳೇ ಹೊಸ ಉರುವಲು. ಹೀಗೆ ಒಂದು ಮೂಲೆಯಲ್ಲಿ ಸ್ವಲ್ಪ ಮಿಥೇನ್ ಅನಿಲ ಹೊತ್ತಿಕೊಂಡು ಶುರುವಾದದ್ದು ಮೈಲಿಗಟ್ಟಲೆ ಹಬ್ಬಬಹುದು. ಮಿಥೇನ್ ಬೆಂಕಿಕಡ್ಡಿ ಮಾತ್ರ. ಮದ್ದಿನ ಮನೆ ಎಂದರೆ ಧೂಳು.

ಫ್ಯಾರಡೆ ಕುಳಿತಿದ್ದ ಚೀಲ

1844ರ ಸೆಪ್ಟೆಂಬರ್ 28ರಂದು ಇಂಗ್ಲೆಂಡಿನ ಡರ್‌ಹ್ಯಾಮ್ ಪ್ರಾಂತ್ಯದ ಹ್ಯಾಸ್‌ವೆಲ್ ಗಣಿಯಲ್ಲಿ ಸ್ಫೋಟವಾಗಿ 95 ಜನ ಸತ್ತರು. ಸರ್ಕಾರ ಇಬ್ಬರು ಹೆಸರಾಂತ ವಿಜ್ಞಾನಿಗಳನ್ನು ವಿಚಾರಣೆಗೆ ಕಳಿಸಿತು: ಮೈಕೆಲ್ ಫ್ಯಾರಡೆ ಮತ್ತು ಭೂವಿಜ್ಞಾನಿ ಚಾರ್ಲ್ಸ್ ಲಯಲ್.

ಅವರು ಗಣಿಯೊಳಗೆ ಹೋದಾಗ ನಡೆದ ಒಂದು ಪ್ರಸಂಗವನ್ನು ಲಯಲ್ ಬರೆದಿಟ್ಟಿದ್ದಾರೆ. ಗಾಳಿಯ ಓಟವನ್ನು ಹೇಗೆ ಅಳೆಯುತ್ತೀರಿ ಎಂದು ಫ್ಯಾರಡೆ ಕೇಳಿದರು. ಜೊತೆಗಿದ್ದ ಗಣಿಯವನು ನಶ್ಯದಂತೆ ಒಂದು ಚಿಟಿಕೆ ಮದ್ದಿನ ಪುಡಿ ತೆಗೆದು ಮೇಣದಬತ್ತಿಯ ಮೇಲೆ ಉದುರಿಸಿ, ಹೊಗೆ ಹೋಗುವ ವೇಗವನ್ನು ತೋರಿಸಿದ. ಉಳಿದ ಮದ್ದನ್ನು ಎಲ್ಲಿ ಇಟ್ಟಿರುತ್ತೀರಿ ಎಂದರು ಫ್ಯಾರಡೆ. ಬಿಗಿಯಾಗಿ ಕಟ್ಟಿದ ಚೀಲದಲ್ಲಿ ಎಂಬ ಉತ್ತರ ಬಂತು. ಆ ಚೀಲ ಎಲ್ಲಿ ಎಂದು ಕೇಳಿದರೆ, ತಾವು ಕುಳಿತಿರುವುದು ಅದರ ಮೇಲೆಯೇ ಎಂದನಂತೆ! ಫ್ಯಾರಡೆ ಎದ್ದ ವೇಗವನ್ನು ನಾವು ಊಹಿಸಿಕೊಳ್ಳಬಹುದು.

ಗಣಿಯ ಕಂಬಗಳ ಮೇಲೆ ಬೆಂದು ಅಂಟಿಕೊಂಡಿದ್ದ ಕಲ್ಲಿದ್ದಲ ಪುಡಿಯನ್ನು ನೋಡಿ ಅವರಿಬ್ಬರೂ ಒಂದು ಮಾತನ್ನು ವರದಿಯಲ್ಲಿ ಸ್ಪಷ್ಟವಾಗಿ ಬರೆದರು: ಉರಿದದ್ದು ಅನಿಲ ಮಾತ್ರವಲ್ಲ, ಧೂಳೂ ಉರಿದಿದೆ. ವರದಿ ಅಚ್ಚಾಯಿತು, ಕಪಾಟಿಗೆ ಸೇರಿತು. ಗಣಿ ಮಾಲೀಕರೂ ಎಂಜಿನಿಯರುಗಳೂ ಸ್ಫೋಟಕ್ಕೆಲ್ಲ ಮಿಥೇನೇ ಕಾರಣ ಎಂದು ನಂಬಿಕೊಂಡೇ ಮುಂದುವರಿದರು. 1876ರಲ್ಲಿ ವಿಲಿಯಂ ಗ್ಯಾಲೋವೇ ಎಂಬ ಗಣಿ ತನಿಖಾಧಿಕಾರಿ ರಾಯಲ್ ಸೊಸೈಟಿಯ ಮುಂದೆ ಧೂಳಿನ ಪ್ರಯೋಗಗಳನ್ನು ಇಟ್ಟರು. ಅವರ ಮಾತಿಗೂ ವಿರೋಧವೇ ಹೆಚ್ಚು ಬಂತು. ಫ್ರಾನ್ಸಿನಲ್ಲಂತೂ ದೊಡ್ಡ ವಿಜ್ಞಾನಿಗಳಾದ ಮಲಾರ್ ಮತ್ತು ಲ ಶಾತೆಲಿಯೇ ಅವರು 1882ರ ಸುಮಾರಿಗೆ, ಅನಿಲವಿಲ್ಲದ ಕಡೆ ಬರೀ ಧೂಳಿನಿಂದ ಹೇಳಿಕೊಳ್ಳುವಂಥ ಅಪಾಯವಿಲ್ಲ ಎಂದು ತೀರ್ಮಾನಿಸಿದರು. ಅವರ ಪ್ರಯೋಗದ ಸಾಧನಗಳು ಚಿಕ್ಕವು. ಚಿಕ್ಕ ಪೆಟ್ಟಿಗೆಯಲ್ಲಿ ಹಬ್ಬದ ಬೆಂಕಿ ದೊಡ್ಡ ಸುರಂಗದಲ್ಲಿ ಹಬ್ಬುತ್ತದೆ ಎಂಬುದು ಆಗ ತಿಳಿದಿರಲಿಲ್ಲ.

ಆ ತೀರ್ಮಾನಕ್ಕೆ ಉತ್ತರ 1906ರ ಮಾರ್ಚ್ 10ರಂದು ಬಂತು. ಉತ್ತರ ಫ್ರಾನ್ಸಿನ ಕೂರಿಯೇರ್ ಗಣಿಗಳಲ್ಲಿ ಅನಿಲದ ಭಯ ಅಷ್ಟಾಗಿ ಇರಲಿಲ್ಲ. ಅಲ್ಲಿ ಧೂಳು ಹೊತ್ತಿಕೊಂಡು 1,099 ಜನ ಸತ್ತರು. ಇಪ್ಪತ್ತು ದಿನಗಳ ನಂತರ 13 ಜನ ಕತ್ತಲೆಯಿಂದ ಜೀವಂತವಾಗಿ ನಡೆದು ಬಂದರು. ಯೂರೋಪಿನಲ್ಲಿ ಇಷ್ಟು ದೊಡ್ಡ ಗಣಿ ದುರಂತ ಇನ್ನೊಂದಿಲ್ಲ.

ಶವಪರೀಕ್ಷೆ ಹೇಳಿದ್ದು

ಈ ಇತಿಹಾಸದಲ್ಲಿ ನಮ್ಮ ವೃತ್ತಿಯವರೊಬ್ಬರಿಗೆ ದೊಡ್ಡ ಪಾತ್ರವಿದೆ ಎಂಬುದು ವೈದ್ಯರಾದ ನಮಗೆ ಹೆಮ್ಮೆಯ ವಿಷಯ. ಜಾನ್ ಸ್ಕಾಟ್ ಹಾಲ್ಡೇನ್ ಎಡಿನ್‌ಬರೋದಲ್ಲಿ ವೈದ್ಯಕೀಯ ಓದಿ ಶರೀರಕ್ರಿಯಾ ವಿಜ್ಞಾನಕ್ಕೆ ಬಂದವರು. 1896ರ ಜನವರಿಯಲ್ಲಿ ವೇಲ್ಸಿನ ಟೈಲರ್ಸ್‌ಟೌನ್ ಗಣಿಯಲ್ಲಿ ಸ್ಫೋಟವಾಗಿ 57 ಜನ ಸತ್ತಾಗ ಅವರು ಅಲ್ಲಿಗೆ ಹೋಗಿ ಶವಗಳನ್ನು ಪರೀಕ್ಷಿಸಿದರು. ಸ್ಫೋಟದಲ್ಲಿ ಸತ್ತವರು ಎಂದರೆ ಸುಟ್ಟು, ಒಡೆದು ಸತ್ತವರು ಎಂದೇ ಎಲ್ಲರ ಎಣಿಕೆ. ಆದರೆ ಬಹುಪಾಲು ದೇಹಗಳ ಮೇಲೆ ಪ್ರಾಣ ಹೋಗುವಂಥ ಗಾಯವೇ ಇರಲಿಲ್ಲ. ಚರ್ಮ ಮತ್ತು ರಕ್ತ ಮಾತ್ರ ಗುಲಾಬಿ ಕೆಂಪಾಗಿದ್ದವು. ಅದು ಕಾರ್ಬನ್ ಮೊನಾಕ್ಸೈಡ್ ವಿಷದ ಗುರುತು. ಈ ಅನಿಲ ಆಮ್ಲಜನಕಕ್ಕಿಂತ ಇನ್ನೂರು ಪಟ್ಟು ಹೆಚ್ಚು ಬಿಗಿಯಾಗಿ ಹಿಮೋಗ್ಲೋಬಿನ್‌ಗೆ ಅಂಟಿಕೊಳ್ಳುತ್ತದೆ. ಮನುಷ್ಯ ಉಸಿರಾಡುತ್ತಲೇ ಉಸಿರುಗಟ್ಟಿ ಸಾಯುತ್ತಾನೆ.

ಇದರ ಅರ್ಥ ದೊಡ್ಡದು. ಬಹುತೇಕ ಜನ ಸ್ಫೋಟ ತಾಕದೆ ಬದುಕಿದ್ದರು. ಧೂಳು ಅರೆಬರೆ ಉರಿದು ಬಿಟ್ಟ ಗಾಳಿಯಲ್ಲಿ, ಹೊರಗೆ ನಡೆದು ಬರುವ ದಾರಿಯಲ್ಲಿ ಸತ್ತರು. ವಿಷವನ್ನು ಮುಂಚೆಯೇ ತಿಳಿಯಲು ಇಲಿ ಮತ್ತು ಸಣ್ಣ ಹಕ್ಕಿಗಳನ್ನು ಒಯ್ಯಬೇಕೆಂದು ಹಾಲ್ಡೇನ್ ಸೂಚಿಸಿದರು. ವೇಗವಾಗಿ ಉಸಿರಾಡುವ ಸಣ್ಣ ಪ್ರಾಣಿಗೆ ಮನುಷ್ಯನಿಗಿಂತ ಮೊದಲು ವಿಷ ತಟ್ಟುತ್ತದೆ. ಗಣಿಯ ಕ್ಯಾನರಿ ಹಕ್ಕಿ ಬಂದದ್ದು ಹೀಗೆ. ಬ್ರಿಟನ್ನಿನ ಗಣಿಗಳಲ್ಲಿ ಆ ಹಕ್ಕಿಗಳಿಗೆ ನಿವೃತ್ತಿ ಕೊಟ್ಟು ಎಲೆಕ್ಟ್ರಾನಿಕ್ ಉಪಕರಣ ತರುವ ತೀರ್ಮಾನವಾದದ್ದು 1986ರಲ್ಲಿ. 1963ರಲ್ಲಿ ಜಪಾನಿನ ಮಿಯಿಕೆ ಗಣಿಯಲ್ಲಿ ಧೂಳು ಸಿಡಿದು 458 ಜನ ಸತ್ತಾಗ ಇನ್ನೂ 839 ಜನರಿಗೆ ಈ ವಿಷ ತಟ್ಟಿತ್ತು. ಅವರಲ್ಲಿ ಅನೇಕರು ನೆನಪು, ಬುದ್ಧಿ ಕಳೆದುಕೊಂಡು ವರ್ಷಗಟ್ಟಲೆ ಮನೆಯವರ ಆರೈಕೆಯಲ್ಲೇ ಉಳಿದರು.

ಇನ್ನು ಔಷಧದ ಮಾತು. ಅದನ್ನು ಕಂಡವರು ಯಾರ್ಕ್‌ಷೈರಿನ ಗಣಿ ಎಂಜಿನಿಯರ್ ವಿಲಿಯಂ ಗಾರ್ಫೋರ್ತ್. 1886ರಲ್ಲಿ ಅವರ ಆಲ್ಟಾಫ್ಟ್ಸ್ ಗಣಿಯಲ್ಲಿ ಸ್ಫೋಟವಾಗಿ 22 ಜನ ಸತ್ತರು. ಬೆಂಕಿ ಎಲ್ಲೆಲ್ಲಿ ಹೋಗಿದೆ ಎಂದು ಹುಡುಕುತ್ತ ಹೋದಾಗ, ಕಲ್ಲಿನ ಪುಡಿ ಬಿದ್ದಿದ್ದ ದಾರಿಗಳಲ್ಲಿ ಅದು ತಾನಾಗಿ ನಿಂತುಹೋಗಿರುವುದು ಅವರ ಕಣ್ಣಿಗೆ ಬಿತ್ತು. ಹಾಗಾದರೆ ಕಲ್ಲಿನ ಪುಡಿಯನ್ನು ಬೇಕೆಂದೇ ಹರಡಿದರೆ? ಕೆಂಡದ ಮೇಲೆ ಬೂದಿ ಎಳೆದಂತೆ! 1908ರಲ್ಲಿ ಅವರು ಹಳೆಯ ಬಾಯ್ಲರುಗಳನ್ನು ಸಾಲಾಗಿ ಜೋಡಿಸಿ ನೆಲದ ಮೇಲೆ ಒಂದು ಕಬ್ಬಿಣದ ಸುರಂಗ ಕಟ್ಟಿ, ಧೂಳನ್ನು ಸಿಡಿಸಿ ತೋರಿಸಿದರು. ಕಲ್ಲಿನ ಪುಡಿ ಹಾಕಿ ನಿಲ್ಲಿಸಿಯೂ ತೋರಿಸಿದರು. ಆಗ ಮತ್ತೊಂದು ಪ್ರಶ್ನೆ ಬಂತು. ಬೆಂಕಿ ನಿಲ್ಲಿಸಲು ಹಾಕಿದ ಪುಡಿಯೇ ಶ್ವಾಸಕೋಶಕ್ಕೆ ಹೋದರೆ? ಇದನ್ನು ಪರೀಕ್ಷಿಸುವ ಕೆಲಸವೂ ಹಾಲ್ಡೇನರಿಗೇ ಬಂತು. ಕೋಲಾರದ ಗಣಿಯಂಥ ಕಡೆ ಬಂಡೆಯಲ್ಲಿರುವ ಸಿಲಿಕ ಕಾರ್ಮಿಕರ ಶ್ವಾಸಕೋಶವನ್ನು ಹೇಗೆ ಕಲ್ಲಾಗಿಸುತ್ತದೆಂದು ನಮಗೆ ಗೊತ್ತು. ಅದಕ್ಕೇ ಗಣಿಗೆ ಹಾಕುವುದು ಸುಣ್ಣಕಲ್ಲಿನ ಪುಡಿ. ಅದರಲ್ಲಿ ಸಿಲಿಕ ಶೇಕಡ 4ಕ್ಕಿಂತ ಹೆಚ್ಚಿರಬಾರದೆಂದು ಅಮೆರಿಕದ ನಿಯಮ ಹೇಳುತ್ತದೆ.

1907ರ ಡಿಸೆಂಬರ್

ಅಮೆರಿಕ ಎಚ್ಚೆತ್ತದ್ದು ಒಂದು ಘೋರ ತಿಂಗಳಿನಲ್ಲಿ. 1907ರ ಡಿಸೆಂಬರ್ 6ರಂದು ವೆಸ್ಟ್ ವರ್ಜೀನಿಯದ ಮೊನೊಂಗಾದಲ್ಲಿ 362 ಜನ ಸತ್ತರು. ಇದು ಸರ್ಕಾರಿ ಲೆಕ್ಕ. ಈ ದೇಶದ ಗಣಿಗಳ ಇತಿಹಾಸದಲ್ಲಿ ಅದಕ್ಕಿಂತ ದೊಡ್ಡ ದುರಂತವಿಲ್ಲ. ಹದಿಮೂರು ದಿನ ಕಳೆದು, ಡಿಸೆಂಬರ್ 19ರಂದು ನಮ್ಮ ಪಿಟ್ಸ್‌ಬರ್ಗಿನ ಆಗ್ನೇಯಕ್ಕೆ, ಯಾಕಿಯಗೇನಿ ನದಿಯ ದಂಡೆಯ ಡಾರ್ ಗಣಿಯಲ್ಲಿ 239 ಜನ. ಆ ತಿಂಗಳಲ್ಲಿ ಐದು ಸ್ಫೋಟಗಳಲ್ಲಿ ಸತ್ತವರು ಏಳುನೂರಕ್ಕೂ ಹೆಚ್ಚು. ಆ ವರ್ಷ ಅಮೆರಿಕದ ಕಲ್ಲಿದ್ದಲ ಗಣಿಗಳಲ್ಲಿ ಎಲ್ಲ ಕಾರಣಗಳಿಂದ ಸತ್ತವರು 3,242.

ಸತ್ತವರು ಯಾರು? ಇಟಲಿ, ಪೋಲೆಂಡ್, ಹಂಗೇರಿಗಳಿಂದ ನಾಲ್ಕು ಕಾಸು ಸಂಪಾದಿಸಲು ಹಡಗು ಹತ್ತಿ ಬಂದವರೇ ಬಹಳ. ಡಾರ್ ಗಣಿಯವರಲ್ಲಿ ಪೂರ್ವ ಯೂರೋಪಿನ ಕ್ರೈಸ್ತ ಪಂಗಡದ ಅನೇಕರಿಗೆ ಡಿಸೆಂಬರ್ 19 ಸಂತ ನಿಕೋಲಸನ ಹಬ್ಬ. ಕೂಲಿ ಹೋದರೆ ಹೋಗಲಿ ಎಂದು ಅಂದು ಕೆಲಸಕ್ಕೆ ಹೋಗದೆ ಚರ್ಚಿಗೆ ಹೋದ ಸುಮಾರು ಇನ್ನೂರು ಜನ ಉಳಿದುಕೊಂಡರು. ಪರದೇಶದಲ್ಲಿದ್ದರೂ ತಮ್ಮ ಹಬ್ಬವನ್ನು ಬಿಡದವರನ್ನು ಹಬ್ಬವೇ ಕಾಯಿತು ಎನ್ನಬೇಕು.

ಬ್ರೂಸ್‌ಟನ್ನಿನ ಪ್ರಯೋಗ ಗಣಿ

ಜನರ ಆಕ್ರೋಶಕ್ಕೆ ಮಣಿದು ಸರ್ಕಾರ 1908ರಲ್ಲಿ ಪಿಟ್ಸ್‌ಬರ್ಗಿನಲ್ಲಿ ಪರೀಕ್ಷಾ ಕೇಂದ್ರ ತೆರೆಯಿತು. 1910ರ ಜುಲೈನಲ್ಲಿ ಬ್ಯೂರೋ ಆಫ್ ಮೈನ್ಸ್ ಸ್ಥಾಪನೆಯಾಯಿತು. ಅದರ ಮುಖ್ಯ ಗಣಿ ಎಂಜಿನಿಯರ್ ಜಾರ್ಜ್ ರೈಸ್ ಅವರಿಗೆ ಒಂದು ಖಚಿತ ಅಭಿಪ್ರಾಯವಿತ್ತು: ಚಿಕ್ಕ ಕೊಳವೆಯ ಪ್ರಯೋಗ ಸಾಲದು, ನಿಜವಾದ ಗಣಿಯೇ ಬೇಕು. ಪಿಟ್ಸ್‌ಬರ್ಗಿನ ದಕ್ಷಿಣಕ್ಕಿರುವ ಬ್ರೂಸ್‌ಟನ್ನಿನಲ್ಲಿ ಕಲ್ಲಿದ್ದಲು ಮಾರುವುದಕ್ಕಲ್ಲ, ಸ್ಫೋಟಿಸುವುದಕ್ಕೇ ಒಂದು ಗಣಿ ತೋಡಿದರು.

1911ರ ಅಕ್ಟೋಬರ್ 30ರಂದು ಸಾವಿರಕ್ಕೂ ಹೆಚ್ಚು ಜನ ಅಲ್ಲಿ ಸೇರಿದರು. ಗಣಿ ಕಾರ್ಮಿಕರು, ಮಾಲೀಕರು, ಎಂಜಿನಿಯರುಗಳು. ಧೂಳು ಸಿಡಿಯುತ್ತದೆ ಎಂಬುದನ್ನು ಕೇಳಿದ್ದವರು ಬಹಳ, ನಂಬಿದ್ದವರು ಕಡಿಮೆ. ಅನಿಲವಿಲ್ಲದ ಸುರಂಗದಲ್ಲಿ ಬರೀ ಧೂಳು ಹರಡಿ, ಒಳಗೆ ಮದ್ದು ಹಾರಿಸಿದರು. ಗಣಿಯ ಬಾಯಿಂದ ಬೆಂಕಿ ಹೊರಕ್ಕೆ ನುಗ್ಗಿತು. ಹ್ಯಾಸ್‌ವೆಲ್ಲಿನ ವರದಿಯಾಗಿ ಅರವತ್ತೇಳು ವರ್ಷಗಳಾಗಿದ್ದವು. ಪುಸ್ತಕದಲ್ಲಿದ್ದದ್ದನ್ನು ಕಣ್ಣಾರೆ ಕಂಡ ಮೇಲೆ ವಾದ ಮುಗಿಯಿತು.

ಆಮೇಲೆ ಶುರುವಾದದ್ದು ಅಳತೆಯ ಕೆಲಸ. ಕಲ್ಲಿದ್ದಲ ಧೂಳಿಗೆ ಸುಣ್ಣಕಲ್ಲಿನ ಪುಡಿಯನ್ನು ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿ ಸುರಂಗದಲ್ಲಿ ಹರಡುವುದು, ಸಿಡಿಸುವುದು, ಬೆಂಕಿ ಎಲ್ಲಿಯವರೆಗೆ ಹೋಯಿತೆಂದು ನೋಡುವುದು. ಧೂಳು ನುಣುಪಾದಷ್ಟೂ ಅಪಾಯ ಹೆಚ್ಚು. ಕಲ್ಲಿದ್ದಲಿನಲ್ಲಿ ಕಾಯಿಸಿದಾಗ ಆವಿಯಾಗುವ ಅಂಶ ಹೆಚ್ಚಿದ್ದಷ್ಟೂ ಅಪಾಯ ಹೆಚ್ಚು. ನಮ್ಮ ಪೆನ್ಸಿಲ್ವೇನಿಯದಲ್ಲೇ ಪೂರ್ವದ ಆಂತ್ರಸೈಟಿನಲ್ಲಿ ಆ ಅಂಶ ತೀರ ಕಡಿಮೆ. ಅದರ ಧೂಳನ್ನು ಸಿಡಿಯದ ಧೂಳೆಂದೇ ಪರಿಗಣಿಸುತ್ತಾರೆ. ಪಶ್ಚಿಮದ ಪಿಟ್ಸ್‌ಬರ್ಗ್ ಪದರದ ಕಲ್ಲಿದ್ದಲು ಇದಕ್ಕೆ ತದ್ವಿರುದ್ಧ. ಎಷ್ಟೆಂದರೆ, ಇಂದಿಗೂ ಪ್ರಯೋಗಾಲಯಗಳಲ್ಲಿ ಹೋಲಿಕೆಗೆ ಬಳಸುವ ಮಾದರಿ ಧೂಳು ‘ಪಿಟ್ಸ್‌ಬರ್ಗ್ ಕಲ್ಲಿದ್ದಲ ಪುಡಿ’ಯೇ. ಸುರಂಗದಲ್ಲಿ ಬಿದ್ದಿರುವ ಒಟ್ಟು ಧೂಳಿನಲ್ಲಿ ಉರಿಯದ ಅಂಶ ಶೇಕಡ 65 ಇದ್ದರೆ ಸ್ಫೋಟ ಹಬ್ಬುವುದಿಲ್ಲ ಎಂಬ ಲೆಕ್ಕ ಬಂದದ್ದು 1920ರ ದಶಕದ ಧೂಳಿನ ಮೇಲೆ ಮಾಡಿದ ಇಂಥ ಪ್ರಯೋಗಗಳಿಂದ.

ಆದರೆ ಲೆಕ್ಕ ಸಿಕ್ಕಿದ ಮಾತ್ರಕ್ಕೆ ಕಾನೂನಾಗಲಿಲ್ಲ. 1968ರ ನವೆಂಬರ್ 20ರಂದು ಮೊನೊಂಗಾದ ಪಕ್ಕದ ಫಾರ್ಮಿಂಗ್ಟನ್ನಿನಲ್ಲಿ 78 ಜನ ಸತ್ತ ಮೇಲೆ ಬಂದ 1969ರ ಕಾನೂನು, ಶುದ್ಧ ಗಾಳಿ ಬರುವ ಸುರಂಗಗಳಿಗೆ ಶೇಕಡ 65, ಬಳಸಿದ ಗಾಳಿ ಹೊರಹೋಗುವ ಸುರಂಗಗಳಿಗೆ ಶೇಕಡ 80 ಎಂದು ಬಿಗಿಯಾಗಿ ವಿಧಿಸಿತು. ಕಾರ್ಮಿಕರು ಉಸಿರಾಡುವ ಧೂಳಿಗೂ ಮಿತಿ ಹಾಕಿದ್ದು ಇದೇ ಕಾನೂನು.

ನಮ್ಮ ದೇಶವೂ ಈ ಪಾಠಕ್ಕೆ ಹೊರತಲ್ಲ. ಧನಬಾದಿನಲ್ಲಿ ಗಣಿ ಸಂಶೋಧನಾ ಕೇಂದ್ರ 1956ರಲ್ಲಿ ಆರಂಭವಾಯಿತು. 1957ರ ಗಣಿ ನಿಯಮಗಳಲ್ಲಿ ಕಲ್ಲಿನ ಪುಡಿಯ ವಿಧಿ ಇತ್ತು. ಹೀಗಿದ್ದೂ 1965ರ ಮೇ 28ರಂದು ಆಗ ಬಿಹಾರದಲ್ಲಿದ್ದ ಧೋರಿ ಗಣಿಯ ಸ್ಫೋಟ 268 ಜನರನ್ನು ಬಲಿ ತೆಗೆದುಕೊಂಡಿತು.

ಇಪ್ಪತ್ತು ಲೀಟರಿನ ಪಾತ್ರೆ

ಪ್ರತಿ ಸಲವೂ ಗಣಿಯನ್ನೇ ಸಿಡಿಸಲಾಗದು. ಇವತ್ತು ಹೆಚ್ಚಿನ ಪರೀಕ್ಷೆ ನಡೆಯುವುದು ಇಪ್ಪತ್ತು ಲೀಟರ್ ಹಿಡಿಸುವ, ದಪ್ಪ ಉಕ್ಕಿನ ಮುಚ್ಚಿದ ಪಾತ್ರೆಯಲ್ಲಿ. ಅಳೆದ ಧೂಳನ್ನು ಒತ್ತಿದ ಗಾಳಿಯಿಂದ ಒಳಗೆ ಚಿಮ್ಮಿಸಿ, ಅದು ಮೋಡದಂತೆ ಹರಡಿದ ಕ್ಷಣದಲ್ಲಿ ರಾಸಾಯನಿಕ ಕಿಡಿ ಹಚ್ಚುತ್ತಾರೆ. ಒತ್ತಡ ಎಷ್ಟಕ್ಕೆ, ಎಷ್ಟು ಬೇಗ ಏರಿತೆಂದು ಉಪಕರಣ ಬರೆದುಕೊಳ್ಳುತ್ತದೆ. ಪಿಟ್ಸ್‌ಬರ್ಗ್ ಪುಡಿಯಾದರೆ ಒಂದು ಘನ ಮೀಟರ್ ಗಾಳಿಗೆ ಸುಮಾರು 60ರಿಂದ 80 ಗ್ರಾಂ ಇದ್ದರೂ ಹೊತ್ತಿಕೊಳ್ಳುತ್ತದೆ. ಒಂದು ಹಿಡಿಯಷ್ಟು ಪುಡಿ ಎಂದುಕೊಳ್ಳಿ.

ಇನ್ನೊಂದು ಸಂಗತಿ ನಮ್ಮನ್ನು ಬೆರಗುಗೊಳಿಸುವಂಥದು. ಸುಣ್ಣಕಲ್ಲಿನ ಪುಡಿ ಹರಡಿ ನೆಲ ಬೆಳ್ಳಗೆ ಮಾಡಿದ ಮೇಲೂ ಕೆಲಸ ನಡೆಯುತ್ತಿರುವ ಗಣಿಯಲ್ಲಿ ಹೊಸ ಧೂಳು ತೇಲಿ ಬಂದು ಕೂರುತ್ತಲೇ ಇರುತ್ತದೆ. ಬಿಳಿಯ ಪುಡಿಯ ಮೇಲೆ ಕೇವಲ 0.12 ಮಿಲಿಮೀಟರ್ ದಪ್ಪದ, ಅಂದರೆ ಒಂದು ಕಾಗದದ ಹಾಳೆಯಷ್ಟು ಕರಿ ಧೂಳು ಕೂತರೂ ಸ್ಫೋಟ ಹಬ್ಬಬಹುದೆಂದು ಬ್ಯೂರೋದ ಪ್ರಯೋಗಗಳು ತೋರಿಸಿವೆ. ಮೊದಲು ಏಳುವುದು ಮೇಲಿನ ಪದರವೇ ಅಲ್ಲವೇ? ಆದ್ದರಿಂದ ಇದು ಒಂದು ಸಲ ಹಾಕಿಸಿ ಮರೆಯುವ ಲಸಿಕೆಯಲ್ಲ. ದಿನವೂ ತೆಗೆದುಕೊಳ್ಳಬೇಕಾದ ರಕ್ತದೊತ್ತಡದ ಮಾತ್ರೆ.

ತನಿಖಾಧಿಕಾರಿಗಳು ಸುರಂಗದ ಧೂಳನ್ನು ಬ್ರಷ್ಷಿನಿಂದ ಗುಡಿಸಿ ಚೀಲಕ್ಕೆ ತುಂಬಿ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಅಲ್ಲಿ ಒಣಗಿಸಿ, ಜರಡಿ ಹಿಡಿದು, ಕುಲುಮೆಯಲ್ಲಿ ಸುಟ್ಟು, ಉಳಿದದ್ದನ್ನು ತೂಗುತ್ತಾರೆ. ಫಲಿತಾಂಶ ಬರುವಷ್ಟರಲ್ಲಿ ವಾರಗಳೇ ಕಳೆಯಬಹುದು. ಈಗ ಕೈಯಲ್ಲಿ ಹಿಡಿಯುವ ಒಂದು ಮೀಟರ್ ಬಂದಿದೆ. ಬೆಳಕು ಹಾಯಿಸಿ ಧೂಳು ಸಿಡಿಯುವಂಥದೋ ಅಲ್ಲವೋ ಎಂದು ಅಲ್ಲಿಯೇ ಹೇಳುತ್ತದೆ. ಸಕ್ಕರೆ ಕಾಯಿಲೆಯವರು ಬೆರಳು ಚುಚ್ಚಿ ಮನೆಯಲ್ಲೇ ನೋಡಿಕೊಂಡಂತೆ.

ಔಷಧ ಇದ್ದೂ

1990ರ ದಶಕದ ಮಧ್ಯದಲ್ಲಿ ಬ್ಯೂರೋ ಆಫ್ ಮೈನ್ಸನ್ನೇ ಸರ್ಕಾರ ಮುಚ್ಚಿತು. ಸಂಶೋಧನೆ ನೈಯಾಷ್ ಎಂಬ ಆರೋಗ್ಯ ಸಂಸ್ಥೆಯ ಕೈಗೆ ಬಂತು. ಅವರು ಗಣಿಗಳಿಂದ ಧೂಳು ತರಿಸಿ ನೋಡಿದಾಗ ಈಗಿನ ಯಂತ್ರಗಳು ಬಿಡುವ ಧೂಳು 1920ರ ದಶಕದ್ದಕ್ಕಿಂತ ಬಹಳ ನುಣುಪಾಗಿತ್ತು. ಹಳೆಯ ಶೇಕಡ 65 ಈ ಧೂಳಿಗೆ ಸಾಲದು, ಎಲ್ಲ ಕಡೆಯೂ 80 ಬೇಕು ಎಂದು ಪೆನ್ಸಿಲ್ವೇನಿಯದ ಲೇಕ್ ಲಿನ್ ಪ್ರಯೋಗ ಗಣಿಯಲ್ಲಿ ಪರೀಕ್ಷಿಸಿ ಹೇಳಿದರು. ಆ ವರದಿ ಅಚ್ಚಾಗಿ ಬಂದದ್ದು 2010ರಲ್ಲಿ.

ಅದೇ ವರ್ಷ ಏಪ್ರಿಲ್ 5ರಂದು ವೆಸ್ಟ್ ವರ್ಜೀನಿಯದ ಅಪ್ಪರ್ ಬಿಗ್ ಬ್ರಾಂಚ್ ಗಣಿಯಲ್ಲಿ 29 ಜನ ಸತ್ತರು. ಕಲ್ಲಿದ್ದಲು ಕೊರೆಯುವ ಯಂತ್ರದ ಹಲ್ಲು ಸವೆದಿತ್ತು, ನೀರು ಚಿಮ್ಮಿಸುವ ನಳಿಕೆಗಳು ಕೆಲವು ಇರಲೇ ಇಲ್ಲ. ಕಿಡಿ ಎದ್ದು ಸ್ವಲ್ಪ ಮಿಥೇನ್ ಹೊತ್ತಿತು. ಅಲ್ಲಿಂದ ಧೂಳಿನ ಬೆಂಕಿ ಎರಡು ಮೈಲಿಗೂ ಹೆಚ್ಚು ಓಡಿತು. ಅಷ್ಟು ದೊಡ್ಡ ಗಣಿಗೆ ಸುಣ್ಣಕಲ್ಲಿನ ಪುಡಿ ಹಾಕಲು ಇದ್ದವರು ಇಬ್ಬರು, ಅವರಿಗೂ ಅದು ಅರೆಕಾಲಿಕ ಕೆಲಸ. ಯಂತ್ರ ಹಳೆಯದು, ಆಗಾಗ ಕೆಟ್ಟು ನಿಲ್ಲುತ್ತಿತ್ತು. ತನಿಖೆಯವರು ತೆಗೆದ ಧೂಳಿನ ಮಾದರಿಗಳಲ್ಲಿ ಬಹುಪಾಲು ಕಾನೂನಿನ ಮಿತಿಗಿಂತ ಕೆಳಗಿದ್ದವು. ಕಂಪೆನಿಯ ಮುಖ್ಯಾಧಿಕಾರಿಗೆ ಆಮೇಲೆ ಒಂದು ವರ್ಷದ ಸೆರೆವಾಸವಾಯಿತು. ಎಲ್ಲ ಸುರಂಗಗಳಿಗೂ ಶೇಕಡ 80 ಎಂಬ ನಿಯಮ ಅದೇ ವರ್ಷದ ಸೆಪ್ಟೆಂಬರಿನಲ್ಲಿ ತುರ್ತಾಗಿ ಬಂತು.

ವೈದ್ಯರಾದ ನಮ್ಮನ್ನು ಕಾಡುವುದು ಆ ತನಿಖೆಯ ಇನ್ನೊಂದು ಪುಟ. ಸತ್ತವರಲ್ಲಿ 24 ಜನರ ಶ್ವಾಸಕೋಶವನ್ನು ಪರೀಕ್ಷಿಸಲು ಸಾಧ್ಯವಾಯಿತು. ಅವರಲ್ಲಿ 17 ಜನರಿಗೆ ಬ್ಲ್ಯಾಕ್ ಲಂಗ್ ಆಗಲೇ ಇತ್ತು. ಅಂದರೆ ಆ ಧೂಳು ಸ್ಫೋಟಕ್ಕೆ ಮೊದಲೇ ಅವರ ದೇಹವನ್ನು ಹೊಕ್ಕು ತನ್ನ ಕೆಲಸ ಶುರು ಮಾಡಿತ್ತು. ಗಾಳಿಯಲ್ಲಿನ ಧೂಳನ್ನು ಅಡಗಿಸಿದ್ದರೆ ಎರಡೂ ತಪ್ಪುತ್ತಿತ್ತು.

ಇಷ್ಟು ವರ್ಷ ರೋಗಿಗಳನ್ನು ನೋಡಿದವರಿಗೆ ಇದು ಹೊಸತಲ್ಲ. ರೋಗ ಯಾವುದೆಂದು ತಿಳಿದಿರುತ್ತದೆ, ಪರೀಕ್ಷೆ ಇರುತ್ತದೆ, ಔಷಧ ಇರುತ್ತದೆ, ಅದು ದುಬಾರಿಯೂ ಅಲ್ಲ. ಕಲ್ಲಿದ್ದಲ ಧೂಳಿನ ಔಷಧವೆಂದರೆ ಅರೆದ ಸುಣ್ಣಕಲ್ಲು. ದಿನವೂ ಒಬ್ಬರು ಹೋಗಿ ಅದನ್ನು ಹರಡಬೇಕು, ಹರಡಿದರೋ ಇಲ್ಲವೋ ಎಂದು ಇನ್ನೊಬ್ಬರು ನೋಡಬೇಕು. ಫ್ಯಾರಡೆಯಿಂದ ಇಪ್ಪತ್ತು ಲೀಟರಿನ ಪಾತ್ರೆಯವರೆಗೆ ನಡೆದ ಎಲ್ಲ ಪ್ರಯೋಗಗಳ ಫಲ ಕೊನೆಗೆ ಈ ಇಬ್ಬರ ಕೈಯಲ್ಲಿದೆ.

ನಮ್ಮ ಸದಸ್ಯರಲ್ಲಿ ಅನೇಕ ಕುಟುಂಬಗಳು ಬೇಸಿಗೆಯಲ್ಲಿ ಯಾಕಿಯಗೇನಿ ನದಿಯ ದಂಡೆಯ ಸೈಕಲ್ ದಾರಿಗೆ ಮಕ್ಕಳನ್ನು ಕರೆದುಕೊಂಡು ಹೋಗುವುದುಂಟು. ಆ ದಾರಿ ಡಾರ್ ಗಣಿ ಇದ್ದ ಜಾಗವನ್ನು ದಾಟಿ ಹೋಗುತ್ತದೆ. ಅಲ್ಲಿಂದ ದೂರವಲ್ಲದ ಆಲಿವ್ ಬ್ರಾಂಚ್ ಸ್ಮಶಾನದಲ್ಲಿ ಆ ದಿನ ಸತ್ತವರಲ್ಲಿ 71 ಜನರ ಸಮಾಧಿ ಇದೆ. ಅವರಲ್ಲಿ 49 ಜನರ ಗುರುತು ಯಾರಿಗೂ ಸಿಗಲಿಲ್ಲ. ಕಡಲಾಚೆಯ ಯಾವುದೋ ಹಳ್ಳಿಯಲ್ಲಿ ಅವರ ತಾಯಂದಿರು ಕಾಗದ ಬರುತ್ತದೆಂದು ಕಾದಿರಬೇಕು. ಮುಂದಿನ ಸಲ ಆ ಕಡೆ ಹೋದಾಗ ಒಂದು ಗಳಿಗೆ ಅಲ್ಲಿ ನಿಂತು ಬರೋಣ, ಮಕ್ಕಳಿಗೂ ಈ ಕಥೆ ಹೇಳೋಣ.